ಆರ್ಟ್ ಥೆರಪಿಗೆ ಡಿಗ್ರಿಯಲ್ಲಿ ಏನು ಓದಬೇಕು?

ಹಾಸನದ ಕುಂಚ: ಪಿಯುಸಿ ಮುಗಿಯಿತು. ಆರ್ಟ್ ಥೆರಪಿಸ್ಟ್ (ಚಿತ್ರಕಲೆಯ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವವರು) ಆಗುವ ಆಸೆ. ಸೈಕಾಲಜಿ ಇರುವ ಬಿಎ ಸೇರಲಾ, ಇಲ್ಲ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಬಿವಿಎ (ದೃಶ್ಯಕಲೆಯ ಡಿಗ್ರಿ) ಮಾಡಲಾ? ಮನೆಯಲ್ಲಿ ಬಿಕಾಂ ಅಂತಾರೆ, ಅದು ಬಿಡಿ.

ಚಿಕ್ಕಮಗಳೂರು ಕಾಫಿ: ನನ್ನ ಓಟು ಸೈಕಾಲಜಿಗೆ. ಅಮೆರಿಕ, ಬ್ರಿಟನ್ ಎರಡರಲ್ಲೂ ಮಾಸ್ಟರ್ಸ್ ಬೇಕೇ ಬೇಕು. ಅಮೆರಿಕದ ಕೋರ್ಸ್‌ಗಳು ಸೈಕಾಲಜಿ ಜೊತೆಗೆ ಸ್ಟುಡಿಯೋ ಆರ್ಟ್ ಕ್ರೆಡಿಟ್‌ಗಳನ್ನೂ ಕೇಳುತ್ತವೆ, ಹಾಗಾಗಿ ಬಿಎ ಸೇರಿದರೂ ಚಿತ್ರ ಬಿಡಿಸೋದು ನಿಲ್ಲಿಸಬೇಡಿ.

ಸಕಲೇಶಪುರದ ಅಕ್ಕ: ಬ್ರಿಟನ್‌ನಲ್ಲಿ ‘ಆರ್ಟ್ ಥೆರಪಿಸ್ಟ್’ ಅನ್ನೋ ಹೆಸರಿಗೇ ಕಾನೂನಿನ ರಕ್ಷಣೆ ಇದೆ, ಯಾರು ಬೇಕಾದರೂ ಹಾಕಿಕೊಳ್ಳುವ ಹಾಗಿಲ್ಲ. ನಮ್ಮಲ್ಲಿ ವಾರಾಂತ್ಯದ ಸರ್ಟಿಫಿಕೇಟ್ ಹಿಡಿದವರೂ ಥೆರಪಿಸ್ಟೇ! ಅಂಥ ಸರ್ಟಿಫಿಕೇಟ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ.

ಹಾಸನದ ಕುಂಚ: ಬಿವಿಎ ಮಾಡಿ ಆಮೇಲೆ ಸೈಕಾಲಜಿ ಎಂಎಸ್ಸಿ?

ಚಿಕ್ಕಮಗಳೂರು ಕಾಫಿ: ಕಷ್ಟ. ಜಾಸ್ತಿ ಕಡೆ ಡಿಗ್ರಿಯಲ್ಲೇ ಸೈಕಾಲಜಿ ಇರಬೇಕು. ದೂರಶಿಕ್ಷಣದಲ್ಲಿ ಸೈಕಾಲಜಿ ಓದುವ ದಾರಿಯನ್ನೂ ಯುಜಿಸಿ 2025ರಲ್ಲಿ ಮುಚ್ಚಿತು, ಅಲ್ವಾ.