ಸಿಗಡಿಗೆ ಬಿಟ್ಟ ಗಜನಿಯಲ್ಲಿ ಮತ್ತೆ ಕಗ್ಗ ಬೆಳೆಯುವುದು ಹೇಗೆ?

ಹಿನ್ನೀರು: ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಅಳಿವೆಯ ಪಕ್ಕ ಎರಡು ಎಕರೆ ಗಜನಿ (ಉಬ್ಬರದ ಉಪ್ಪುನೀರು ಬರುವ ತಗ್ಗು ಗದ್ದೆ) ಇದೆ. ಸಿಗಡಿಗೆಂದು ಬಿಟ್ಟು ಈಗ ವರ್ಷವಿಡೀ ಉಪ್ಪುನೀರು ನಿಂತಿರುತ್ತದೆ. ಬರುವ ಮಳೆಗಾಲಕ್ಕೆ ಕಗ್ಗ (ಉಪ್ಪು ತಡೆಯುವ ಭತ್ತ) ಬಿತ್ತಬೇಕು. ಉಪ್ಪು ತೆಗೆಯುವುದು ಹೇಗೆ? ಸುಣ್ಣ, ಗೊಬ್ಬರ ಬೇಕೇ?

ಕಟ್ಟೆಮೇಲೆ: ಗೊಬ್ಬರ ಬೇಡ; ನದಿ ತಂದ ಮೆಕ್ಕಲು, ಕೊಳೆತ ಕೂಳೆ ಸಾಕು. ಮಣ್ಣು ಪರೀಕ್ಷೆಯಲ್ಲಿ ಹುಳಿ ಕಂಡರೆ ಮಾತ್ರ ಸುಣ್ಣ. ಉಪ್ಪು ತೊಳೆಯುವುದು ಮಳೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಹಾಗಾಗಿ ಮುಂಗಾರಿನಲ್ಲಿ ಘಟ್ಟದ ನೀರೆಲ್ಲ ಇಳಿದು ಬಂದು ಅಳಿವೆಯೂ ಸಿಹಿಯಾಗುತ್ತದೆ. ಇಡೀ ಬೇಸಾಯ ನಿಂತಿರುವುದು ಇದರ ಮೇಲೆ.

ಏಪ್ರಿಲ್‌ನಲ್ಲೇ ಇಳಿತದ ಹೊತ್ತಿಗೆ ಕಟ್ಟೆಯ ತೂಬು ತೆರೆದು ಗದ್ದೆ ಬರಿದು ಮಾಡಿ, ಉಬ್ಬರಕ್ಕೆ ಮುಂಚೆ ತೂಬಿನ ಹಲಗೆ ಇಳಿಸಿ. ಉಬ್ಬರ ದಿನಾ ಸುಮಾರು 50 ನಿಮಿಷ ತಡವಾಗುತ್ತದೆ. ನಿನ್ನೆಯ ಹೊತ್ತಿಗೇ ತೆರೆದರೆ ಹೊಳೆಯ ಮಟ್ಟ ಇನ್ನೂ ಮೇಲಿದ್ದು ಉಪ್ಪುನೀರೇ ಒಳಗೆ ನುಗ್ಗುತ್ತದೆ. ಮಣ್ಣು ಬಿರುಕು ಬಿಟ್ಟ ಮೇಲೆ ಉತ್ತು, ಹೆಂಟೆ ಒಡೆಯದೆ ಬಿಡಿ. ಮಳೆ ಹಿಡಿದಾಗ ನೀರು ನಿಲ್ಲಿಸಿ, ಇಳಿತಕ್ಕೆ ಹೊರಬಿಡಿ. ಹೀಗೆ ಮೂರ್ನಾಲ್ಕು ಸಲ. ಮಧ್ಯೆ ವಾರಗಟ್ಟಲೆ ಮಳೆ ಕೈಕೊಟ್ಟರೆ ಅಡಿಯ ಉಪ್ಪು ಮತ್ತೆ ಮೇಲೆ ಬರುತ್ತದೆ, ಆಗ ಬಿತ್ತನೆಗೆ ಅವಸರ ಬೇಡ.

ಕೆಂಪಕ್ಕಿ: ಬೀಜ ಒಂದು ದಿನ ಸಿಹಿನೀರಿನಲ್ಲಿ ನೆನೆಸಿ, ಬಸಿದು, ಗೋಣಿಯಲ್ಲಿ ಒತ್ತಿಡಿ. ಮೊಳಕೆ ಮೂಡಿದ ಕೂಡಲೇ ಎರಚಿ. ಉದ್ದ ಬಿಟ್ಟರೆ ಎರಚುವಾಗಲೇ ಮುರಿಯುತ್ತದೆ. ಬಿತ್ತಿದ ದಿನ ಜಡಿಮಳೆಯಾದರೆ ಬೀಜ ತೇಲಿ ಒಂದು ಮೂಲೆಗೆ ಸೇರುತ್ತದೆ, ಹಾಗಾಗಿ ಸ್ವಲ್ಪ ಬೀಜ ಕೈಯಲ್ಲಿ ಉಳಿಸಿಕೊಳ್ಳಿ. ಬೇರು ಹಿಡಿದರೆ ಕಗ್ಗ ಕೆಲವು ದಿನ ಮುಳುಗಿದರೂ ಏಳುತ್ತದೆ. ಎತ್ತರದ ಪೈರು, ಬಾಗುವುದು ಸಹಜ.

ಕಾಂಡ್ಲಾವನ: ಎರಡು ಎಕರೆಯವರು ಒಬ್ಬರೇ ಹೊರಟರೆ ಆಗುವ ಕೆಲಸ ಇದಲ್ಲ. ಕಟ್ಟೆ ಒಂದೇ, ತೂಬು ಒಂದೇ. ಪಕ್ಕದವರು ಸಿಗಡಿಗೆ ನೀರು ಬಿಟ್ಟರೆ ನಿಮ್ಮ ಸಸಿ ಕರಟುತ್ತದೆ. ಇದೇ ತಾಲೂಕಿನ ಮಾಣಿಕಟ್ಟಾದಲ್ಲಿ ಕಗ್ಗ ಉಳಿದದ್ದು ರೈತರು ಒಟ್ಟಾಗಿ ಬೇಸಾಯ ಮಾಡಿದ್ದರಿಂದ. ಸಿಗಡಿ ಗುತ್ತಿಗೆ ಕೊಡುವುದಾದರೆ, ಏಪ್ರಿಲ್‌ಗೆ ನೀರು ಖಾಲಿ ಮಾಡಬೇಕೆಂದು ಕರಾರಿನಲ್ಲೇ ಬರೆಸಿ.

ಕಟ್ಟೆಯ ಏಡಿ ಬಿಲಗಳನ್ನು ಹುಣ್ಣಿಮೆ, ಅಮಾವಾಸ್ಯೆಗೆ ಮೊದಲು ಜೇಡಿಮಣ್ಣಿನಿಂದ ಮುಚ್ಚಿ. ಆ ದಿನಗಳ ದೊಡ್ಡ ಉಬ್ಬರಕ್ಕೆ ಬೆರಳುಗಾತ್ರದ ತೂತು ಸಾಕು, ಕಟ್ಟೆ ಒಡೆಯುತ್ತದೆ. ಹೊಳೆ ಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿಯಬೇಡಿ, ಅಲೆಯ ಹೊಡೆತ ತಡೆಯುವುದು ಅದೇ.

ಹಿನ್ನೀರು: ಹಾಗಾದರೆ ಸಿಗಡಿ ಪೂರ್ತಿ ಬಿಡಬೇಕೇ?

ಕಟ್ಟೆಮೇಲೆ: ಬೇಡ. ಕೊಯ್ಲಾದ ಮೇಲೆ ಕೂಳೆ ಬಿಟ್ಟು ತೂಬು ತೆರೆಯಿರಿ. ಉಬ್ಬರದ ಜೊತೆ ಮರಿಗಳು ತಾವೇ ಬರುತ್ತವೆ, ಇಳಿತಕ್ಕೆ ತೂಬಿನ ಬಾಯಿಗೆ ಬಲೆ ಕಟ್ಟಿದರಾಯಿತು. ಹೊರಗಿನ ಮರಿ ತಂದು ಒತ್ತಾಗಿ ಬಿಟ್ಟರೆ ಬಿಳಿಚುಕ್ಕೆ ರೋಗದ ಭಯ.