ಅಪ್ಪಾಜಿ ವಿಲ್‌ನಲ್ಲಿ ಲೈಬ್ರರಿಗೆ ದುಡ್ಡು ಬರೀಬೇಕಂತೆ, ಗೊತ್ತಿರೋರು ಸ್ವಲ್ಪ ಹೇಳಿ

ಎಲ್ರಿಗೂ ನಮಸ್ಕಾರ, ನಾವು ಮೈಸೂರಿನೋರು. ಅಪ್ಪಾಜಿಗೆ ಈಗ 78, ರಿಟೈರ್ ಆದಾಗಿಂದ ದಿನಾ ತಿಂಡಿ ಮುಗ್ಸಿ ಸರ್ಕಾರಿ ಲೈಬ್ರರಿಗೆ ಹೋಗೋದು, ಪೇಪರ್ ಓದೋದು, ಯಾರಾದ್ರೂ ಪದಬಂಧ ಪೆನ್ನಲ್ಲಿ ತುಂಬ್ಸಿದ್ರೆ ಮನೆಗ್ ಬಂದು ಬೈಯ್ಯೋದು, ಇದೇ ಅವರ ಡ್ಯೂಟಿ. ಮಂಡಿನೋವು ಜಾಸ್ತಿಯಾಗಿ ಆರು ತಿಂಗಳಿಂದ ಹೋಗಕ್ಕಾಗ್ತಿಲ್ಲ, ಆದ್ರೂ ಲೈಬ್ರರಿ ಕಾರ್ಡು ಇನ್ನೂ ಜೇಬಲ್ಲೇ ಇರುತ್ತೆ, ಅಂಚೆಲ್ಲ ಸವೆದು ಸೆಲ್ಲೋಟೇಪ್ ಸುತ್ತಿದಾರೆ. ಈಗ ಹಠ ಹಿಡಿದಿದಾರೆ, ತಾವು ಹೋದ್ಮೇಲೆ 2 ಲಕ್ಷದ ಎಫ್‌ಡಿ ಲೈಬ್ರರಿಗೇ ಸೇರ್ಬೇಕು, ಪರೀಕ್ಷೆಗೆ ಓದೋ ಹುಡುಗ್ರಿಗೆ ಪುಸ್ತಕ ತರಿಸ್ಬೇಕು ಅಂತ. ನಂಗೇನೂ ತಕರಾರಿಲ್ಲ (ಅಣ್ಣ ಸ್ವಲ್ಪ ಮುಖ ಊದಿಸ್ಕೊಂಡಿದಾನೆ, ಅದು ಬೇರೆ ಕಥೆ).

ವಿಲ್‌ಗೆ ಇಬ್ರು ಸಾಕ್ಷಿ ಬೇಕು, ರಿಜಿಸ್ಟ್ರೇಶನ್ ಕಡ್ಡಾಯ ಅಲ್ಲ ಆದ್ರೂ ಮಾಡ್ಸಿದ್ರೆ ಒಳ್ಳೇದು, ಇಷ್ಟು ಗೊತ್ತು. ಗೊಂದಲ ಇರೋದು ಹೆಸರಲ್ಲಿ. ಬರೀ ‘ಲೈಬ್ರರಿಗೆ’ ಅಂದ್ರೆ ನಡೆಯುತ್ತಾ, ಇಲ್ಲ ನಗರ ಗ್ರಂಥಾಲಯ ಪ್ರಾಧಿಕಾರ ಅಂತ್ಲೇ ಬರೀಬೇಕಾ? 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಲಿ ಊರಿನ ಸರ್ಕಾರಿ ಲೈಬ್ರರಿಗಳನ್ನ ನೋಡ್ಕೊಳೋಕೆ ಇರೋದು ಆ ಪ್ರಾಧಿಕಾರ ತಾನೆ. ಪುಸ್ತಕಕ್ಕೇ ಖರ್ಚಾಗ್ಬೇಕು ಅಂತ ಷರತ್ತು ಹಾಕ್ಬಹುದಾ? ಇನ್ನೊಂದು, ಎಫ್‌ಡಿಗೆ ಅಣ್ಣನೇ ನಾಮಿನಿ, ನಾಮಿನಿ ಅಂದ್ರೆ ದುಡ್ಡು ಇಸ್ಕೊಳೋನು ಅಷ್ಟೇ, ಓನರ್ ಅಲ್ಲ ಅಂತಾರೆ, ಹಾಗಿದ್ರೂ ಬದಲಾಯಿಸ್ಬೇಕಾ?

ಮೈಸೂರು ಮಂಡ್ಯ ಕಡೆ ಯಾರಾದ್ರೂ ಈ ಥರ ಬರೆಸಿದ್ರೆ, ಇಂಥದ್ದು ನೋಡೋ ಲಾಯರ್ ಗೊತ್ತಿದ್ರೆ ದಯವಿಟ್ಟು ಮೆಸೇಜ್ ಮಾಡಿ. ಅಪ್ಪಾಜಿ ದಿನಾ ಕಾಫಿ ಟೈಮಿಗೆ ಸರಿಯಾಗಿ “ಏನಾಯ್ತಪ್ಪ?” ಅಂತಾರೆ.