ಗೋಡೆ ಮೇಲೆ ಕೂತ ದೊಡ್ಡ ಪತಂಗ: ಸಕ್ಕರೆ ನೀರು ಬೇಡ, ಮರದ ಬುಡ ನೋಡಿ

ಸಾಗರದಿಂದ ಪ್ರಶ್ನೆ:
ನಿನ್ನೆ ಬೆಳಗ್ಗೆ ಬಚ್ಚಲುಮನೆ ಹೊರಗೋಡೆ ಮೇಲೆ ಇಟ್ಟಿಗೆ ಬಣ್ಣದ ಒಂದು ಚಿಟ್ಟೆ ಕೂತಿತ್ತು. ಊಟದ ತಟ್ಟೆಯಷ್ಟು ಅಗಲ! ರೆಕ್ಕೆಯಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹಾಗೆ ಮೂರು ಮೂಲೆಯ ಕಿಟಕಿಗಳಿವೆ. ಸಕ್ಕರೆ ನೀರು ಇಟ್ಟೆ, ತಿರುಗಿಯೂ ನೋಡಲಿಲ್ಲ. ಸಂಜೆವರೆಗೂ ಅಲ್ಲೇ ಇತ್ತು. ಕಾಯಿಲೆ ಇರಬಹುದಾ? ಎಂಟನೇ ಕ್ಲಾಸಿನ ಮಗಳು ಇದರ ಬಗ್ಗೆ ತಿಳ್ಕೋಬೇಕು ಅಂತ ಹಿಂದೆ ಬಿದ್ದಿದ್ದಾಳೆ. ಎಲ್ಲಿಂದ ಶುರು ಮಾಡೋದು?

ತೀರ್ಥಹಳ್ಳಿ ಕಡೆಯಿಂದ:
ಸಕ್ಕರೆ ನೀರು ತೆಗೆದುಬಿಡಿ ಅಕ್ಕ, ಅದಕ್ಕೆ ತಿನ್ನುವ ಬಾಯೇ ಇಲ್ಲ. ಹುಳುವಾಗಿದ್ದಾಗ ಮೇದು ಕೂಡಿಟ್ಟ ಕೊಬ್ಬಿನಲ್ಲೇ ಒಂದು ವಾರ ಹೆಚ್ಚುಕಮ್ಮಿ ಬದುಕಿ, ಜೋಡಿಯಾಗಿ, ಮೊಟ್ಟೆ ಇಟ್ಟು ಸಾಯುತ್ತೆ. ಹಗಲೆಲ್ಲ ಸುಮ್ನೆ ಕೂರೋದು ಅದರ ರೂಢಿ, ಕಾಯಿಲೆ ಅಲ್ಲ. ನಾನೂ ಮೊದಲ ಸಲ ಜೇನುತುಪ್ಪ ಇಟ್ಟು ಕಾದಿದ್ದೆ. ಇರುವೆ ಬಂತು ಅಷ್ಟೇ.

ನಿಮ್ಮದು ಅಟ್ಲಾಸ್ ಪತಂಗ. ಮುಂದಿನ ರೆಕ್ಕೆಯ ತುದಿ ನೋಡಿ, ಹಾವಿನ ತಲೆ ಥರ ಕಾಣುತ್ತೆ, ಕಣ್ಣಿನ ಜಾಗದಲ್ಲಿ ಕಪ್ಪು ಚುಕ್ಕೆ ಸಮೇತ. ಗಂಡೋ ಹೆಣ್ಣೋ ಅಂತ ಮೀಸೆಯಲ್ಲಿ ಗೊತ್ತಾಗುತ್ತೆ: ಗಂಡಿನದು ಅಗಲವಾದ ಗರಿ, ಹೆಣ್ಣಿನದು ಸಪೂರ, ಜೊತೆಗೆ ಹೊಟ್ಟೆ ದಪ್ಪ. ಹೆಣ್ಣು ಕೂತಲ್ಲೇ ಕೂತು ರಾತ್ರಿ ವಾಸನೆ ಬಿಡುತ್ತೆ, ಗಂಡು ಆ ಗರಿ ಮೀಸೆಯಲ್ಲಿ ಜಾಡು ಹಿಡಿದು ದೂರದಿಂದ ಬರುತ್ತೆ. ಹಾಗಾಗಿ ಓಡಿಸಬೇಡಿ, ಹೊರಗಿನ ಲೈಟ್ ಆರಿಸಿ.

ಮಗಳಿಗೆ ಪಾಠ ಮರದ ಬುಡದಿಂದ ಶುರುವಾಗಲಿ. ನಮ್ಮ ದಾಲ್ಚಿನ್ನಿ ಗಿಡದ ಕೆಳಗೆ ಒಂದು ದಿನ ಮೆಣಸಿನ ಕಾಳು ಚೆಲ್ಲಿದ ಹಾಗಿತ್ತು. ಬಳ್ಳಿ ಇಲ್ಲದ ಕಡೆ ಕಾಳುಮೆಣಸು ಎಲ್ಲಿಂದ ಅಂತ ಕೈಗೆ ತಗೊಂಡೆ. ಮೆತ್ತಗಿತ್ತು, ಮೈಯೆಲ್ಲ ಗೀರು. ಹುಳುವಿನ ಹಿಕ್ಕೆ! ತಲೆ ಎತ್ತಿದರೆ ಬೆರಳುದ್ದದ ತಿಳಿಹಸಿರು ಹುಳು, ಮೈಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ, ಮೆದುವಾದ ಮುಳ್ಳುಗಳು. ದಾಲ್ಚಿನ್ನಿ, ಸೀಬೆ, ಹನುಮಫಲ ಇದ್ದರೆ ಅದರ ಕೆಳಗೆ ಹುಡುಕಿ.

ಚನ್ನಪಟ್ಟಣದಿಂದ:
ನಾವು ಹಿಪ್ಪುನೇರಳೆ ರೇಷ್ಮೆಯವರು. ನಮ್ಮ ಹುಳುವಿನ ಕುಟುಂಬ ಬೇರೆ, ಇದರದ್ದು ಬೇರೆ. ಆದರೂ ಇದು ಕೂಡ ನಮ್ಮ ಹುಳುವಿನ ಹಾಗೇ ಜ್ವರಕ್ಕೆ ಕೂರುತ್ತೆ, ಅಂದರೆ ಮೇಯೋದು ಬಿಟ್ಟು ಅಲ್ಲಾಡದೆ ಪೊರೆ ಬಿಡುತ್ತೆ. ಸತ್ತಿದೆ ಅಂತ ಕೀಳಬೇಡಿ.

ಗೂಡು ಸಿಕ್ಕಿದರೆ ಕತ್ತರಿಸಬೇಡಿ, ಡಬ್ಬಿಯಲ್ಲೂ ಹಾಕಬೇಡಿ. ನನ್ನ ಮಗ ಮತ್ತಿ ಮರದಿಂದ ಒಂದು ತಸರ್ ಗೂಡು, ಅಂದರೆ ಕಾಡು ರೇಷ್ಮೆಹುಳುವಿನ ಗೂಡು ತಂದಿದ್ದ. ಕಲ್ಲಿನಂಥ ಗೂಡು, ಮೇಲೆ ಉದ್ದ ತೊಟ್ಟು, ತೊಟ್ಟಿನ ತುದಿಯಲ್ಲಿ ಕೊಂಬೆಗೆ ಉಂಗುರ ಹಾಕಿದ ಹಾಗೆ ಸುತ್ತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ. ಪತಂಗ ಹೊರಗೆ ಬಂತು, ಆದರೆ ಹತ್ತಿ ನೇತಾಡೋಕೆ ಜಾಗ ಸಿಗಲಿಲ್ಲ. ಹೊಸದಾಗಿ ಬಂದಾಗ ರೆಕ್ಕೆ ಒದ್ದೆ ಬಟ್ಟೆ ಥರ ಮುದುಡಿರುತ್ತೆ, ನೇತಾಡಿಕೊಂಡು ರಸ ತುಂಬಿಸಿ ಬಿಚ್ಚಬೇಕು. ಇದರದ್ದು ಮುದುಡಿದ ಹಾಗೇ ಒಣಗಿಹೋಯ್ತು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕುಂದಾಪುರದಿಂದ:
ನಮ್ಮಲ್ಲಿ ಗೇರು ಮರದಲ್ಲಿ ಇದೇ ಕುಟುಂಬದ ಚಿಕ್ಕ ಜಾತಿ ಒಂದಿದೆ. ಚಿನ್ನದ ಬಣ್ಣದ ಬಲೆಯಂಥ ಗೂಡುಗಳು ಗೊಂಚಲಾಗಿ ಇರುತ್ತವೆ. ನೋಡೋಕೆ ಚಂದ, ಆದರೆ ಹುಳುಗಳು ಗುಂಪಾಗಿ ಬಂದು ಮರ ಬೋಳಿಸಿಬಿಡುತ್ತವೆ. ಬರಿಗೈಯಲ್ಲಿ ಹಿಡಿದು ಇಡೀ ದಿನ ತುರಿಸಿಕೊಂಡಿದ್ದೇನೆ. ಮಗಳಿಗೆ ಮೊದಲೇ ಹೇಳಿಬಿಡಿ.

ಬೆಂಗಳೂರಿನಿಂದ:
ಹೆಸರಿನ ವಿಷಯ ಒಂದು. ಪಶ್ಚಿಮ ಘಟ್ಟದ್ದು, ಶ್ರೀಲಂಕಾದ್ದು ವೈಜ್ಞಾನಿಕ ಹೆಸರಿನಲ್ಲಿ ಅಟ್ಟಾಕಸ್ ಟ್ಯಾಪ್ರೊಬಾನಿಸ್. ಅಟ್ಟಾಕಸ್ ಅಟ್ಲಾಸ್ ಅನ್ನೋದು ಈಶಾನ್ಯ ಭಾರತದ ಕಡೆಯದು. ನನ್ನ ಫೋಟೋಗೆ ಆ್ಯಪ್ ಅಟ್ಲಾಸ್ ಅಂತಲೇ ಹೇಳಿತ್ತು, ನಂಬಬೇಡಿ. 'ಪ್ರಪಂಚದಲ್ಲೇ ದೊಡ್ಡದು' ಅಂತ ಬರೆಯೋದೂ ಪೂರ್ತಿ ನಿಜ ಅಲ್ಲ. ರೆಕ್ಕೆಯ ಉದ್ದದಲ್ಲಿ ಅಮೆರಿಕ ಖಂಡದ ವೈಟ್ ವಿಚ್ ಅನ್ನೋ ಪತಂಗ ಇದನ್ನು ಮೀರಿಸುತ್ತೆ.

ರೆಕ್ಕೆಯ ಮೇಲ್ಭಾಗ, ಮೀಸೆ, ಕೂತ ಗಿಡ, ಎಲ್ಲದರ ಫೋಟೋ ತೆಗೆದು ಐನ್ಯಾಚುರಲಿಸ್ಟ್‌ಗೆ (ಜೀವಿಗಳ ಫೋಟೋ ಹಾಕಿ ಗುರುತಿಸಿಕೊಳ್ಳುವ ಜಾಲತಾಣ) ಹಾಕಿ. ಮಾತ್ಸ್ ಆಫ್ ಇಂಡಿಯಾ ವೆಬ್‌ಸೈಟ್‌ನಲ್ಲಿ ಹೋಲಿಸಿ ನೋಡಬಹುದು. ಪ್ರತಿ ಜುಲೈ ಕೊನೆಗೆ ಪತಂಗ ಸಪ್ತಾಹ ನಡೆಯುತ್ತೆ, 2012ರಿಂದ ಇದೆ. ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ಒಂದು ಬಲ್ಬ್ ಹಾಕಿದರೆ ಸಾಕು, ಎರಡು ಗಂಟೆ ನೋಡಿ ಆರಿಸಿಬಿಡಿ. ಅದೃಷ್ಟ ಇದ್ದರೆ ಚಂದ್ರ ಪತಂಗ ಬರಬಹುದು: ತಿಳಿಹಸಿರು, ಹಿಂದೆ ಎರಡು ಉದ್ದ ಬಾಲ. ಇದರ ಅಮೆರಿಕದ ನೆಂಟ ಲೂನಾ ಪತಂಗದ ಮೇಲೆ 2015ರಲ್ಲಿ ಪ್ರಯೋಗ ಮಾಡಿದ್ದರು. ಬಾವಲಿಗಳು ಬಹಳ ಸಲ ಮೈ ಬಿಟ್ಟು ಬಾಲಕ್ಕೆ ಬಾಯಿ ಹಾಕಿದವಂತೆ.

ಸಾಗರದಿಂದ, ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಟಾರ್ಚ್ ಹಿಡ್ಕೊಂಡು ಹುಡುಕಿದ್ವಿ. ಬಚ್ಚಲ ಹಿಂದಿನ ಹನುಮಫಲದಲ್ಲಿ ಒಣ ಎಲೆ ಸುತ್ತಿಕೊಂಡ ಖಾಲಿ ಗೂಡು ಇತ್ತು, ಒಂದು ತುದಿ ಬಾಯಿ ಬಿಟ್ಟಿತ್ತು. ಮೀಸೆ ಸಪೂರ, ಹೊಟ್ಟೆ ದಪ್ಪ, ಹೆಣ್ಣೇ. ಲೈಟ್ ಆರಿಸಿ ಮಲಗಿದ್ವಿ. ಬೆಳಗ್ಗೆ ನೋಡಿದರೆ ಗೋಡೆ ಮೇಲೆ ಎರಡು! ಬಂದಿರೋದು ಸ್ವಲ್ಪ ಚಿಕ್ಕದು, ಮೀಸೆ ನಿಜಕ್ಕೂ ಗರಿ ಥರ. ಮಗಳು ಇವತ್ತು ಸ್ಕೂಲಿಗೆ ಹೋಗಲ್ಲ ಅಂತ ಮಣೆ ಹಾಕಿಕೊಂಡು ಅಲ್ಲೇ ಕೂತಿದ್ದಾಳೆ.